ಪರಸೇವೆಯಲ್ಲಿ ಸ್ವಕಾಯಕ

ಕೂಲಿಗಾಗಿ ದುಡಿಯುವುದು ಬೇರೆ. ಕಾಯಕವೆಂದು ದುಡಿಯುವುದು ಬೇರೆ. ಪರರ ಸಂಸ್ಥೆಯಲ್ಲಿ ಸೇವೆಗೈಯುವವನಿಗೆ ಕಾಯಕದ ಸ್ವಾತಂತ್ರ್ಯವೆಲ್ಲಿಯದೆಂದು ಕೆಲವರು ಸಂಶಯಪಡುವುದುಂಟು. ಅಣ್ಣ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದೇ ಕಾಯಕದ ಘನತೆಯನ್ನು ಮೆರೆದರೆಂಬುದನ್ನು ನೆನೆದರೆ ಈ ಸಂಶಯ ನಿಲ್ಲದು.

ಅಮೆರಿಕದ ತ್ರೀಎಂ ಸಂಸ್ಥೆಯ ನಿದರ್ಶನ ಇಲ್ಲಿ ಮನನೀಯ. ಅಲ್ಲಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ 1968ರಲ್ಲಿ ಗಟ್ಟಿಯಾದ ಅಂಟನ್ನು ಅರಸುತ್ತ, ಸುಲಭವಾಗಿ ಬಿಡುವ ಅಂಟೊಂದನ್ನು ಕಂಡರು. ಅದರ ಉಪಯೋಗ ಯಾರಿಗೂ ಹೊಳೆಯಲಿಲ್ಲ. ಸಹೋದ್ಯೋಗಿ ಆರ್ಥರ್ ಫ್ರೈ ಚರ್ಚಿನಲ್ಲಿ ಹಾಡುವಾಗ ಪ್ರಾರ್ಥನಾಗೀತೆಗಳ ಪುಸ್ತಕದಿಂದ ಗುರುತಿನ ಚೀಟಿಗಳು ಜಾರಿಬೀಳುತ್ತಿದ್ದವು. 1974ರಲ್ಲಿ ಅವರಿಗೆ ಆ ಅಂಟು ನೆನಪಾಯಿತು. ನೌಕರರು ವೇಳೆಯ ಶೇಕಡಾ 15 ಭಾಗವನ್ನು ಸ್ವಂತ ಆಲೋಚನೆಗೆ ವಿನಿಯೋಗಿಸಬಹುದೆಂಬ ಪದ್ಧತಿ ಅಲ್ಲಿದ್ದುದರಿಂದ ಪ್ರಯೋಗ ಸಾಗಿತು. 1980ರಲ್ಲಿ ಅಂಟುಚೀಟಿ ಅಮೆರಿಕದಾದ್ಯಂತ ಮಾರಾಟಕ್ಕೆ ಬಂದಿತು.

ಒಡೆಯನು ಇದರಿಂದ ಅರಿಯತಕ್ಕುದೇನೆಂದರೆ, ಹುಡುಕಲು ವೇಳೆಯನ್ನೂ ಸೋತಾಗ ಸಹನೆಯನ್ನೂ ತೋರದೆ ‘ನಿನ್ನದೆಂದೇ ದುಡಿ’ ಎನ್ನುವುದು ನ್ಯಾಯವಲ್ಲ. ನೌಕರನೂ ಎಚ್ಚರದಿಂದಿರತಕ್ಕುದು, ಹೊಸತನ್ನು ಸಾಧಿಸುವ ಹುರುಪು ದುರಾಸೆಗೆ ತಿರುಗಬಾರದು. ಆಯ್ದಕ್ಕಿ ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಿರುಗಿಸಿದುದರ ಮರ್ಮವಿದೇ. ದುಡಿಮೆ ತನ್ನದೆನಿಸಲಿ, ಅದರ ಫಲ ದಾಸೋಹಕ್ಕೆ ಸಲ್ಲಲಿ.