ಸೈಲೆನ್ಸರ್‌ನ ಅಸಲಿ ಬೆಲೆ

ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿರುವ ಪುತ್ತೂರಿನ ಹುಡುಗ ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದಾನೆ. ಈಗ ಗುಡುಗುವ ಎಕ್ಸಾಸ್ಟ್ ಹಾಕಿಸುವ ಆಸೆ. "ಅಣ್ಣಾ, ನಾನೇ ಕೂರಿಸಿಕೊಂಡರೆ ಲೇಬರ್ ಚಾರ್ಜ್ ಉಳಿಯುತ್ತದಲ್ಲ?" ಎಂದು ಕೇಳಿದ. ಉಳಿಯುತ್ತದೆ. ಆದರೆ ಇಡೀ ಲೆಕ್ಕದಲ್ಲಿ ಲೇಬರ್ ಎಲ್ಲಕ್ಕಿಂತ ಚಿಕ್ಕ ಬಾಬತ್ತು.

ಕಳೆದ ವರ್ಷ ನನ್ನ ಕಾರಿನ ಹಿಂದಿನ ಸೈಲೆನ್ಸರ್ ತುಕ್ಕು ಹಿಡಿದಾಗ ಅಲ್ ಕೂಜ್‌ನ ಗ್ಯಾರೇಜಿಗೆ ಹೋಗಿ, ಕಂಪನಿ ಪೈಪಿನಷ್ಟೇ ಸದ್ದು ಮಾಡುವ ಪೈಪ್ ಹಾಕಿಸಿದೆ. ಗಾಡಿ ಲಿಫ್ಟ್ ಮೇಲೇರಿತು. ಮೆಕ್ಯಾನಿಕ್ ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಹೊಡೆದು ಕಾದ, ರಬ್ಬರ್ ಹ್ಯಾಂಗರ್‌ಗಳನ್ನು ಬಿಡಿಸಿದ, ಹೊಸದನ್ನು ಕೂರಿಸಿದ. ಎಂಜಿನ್ ಸ್ಟಾರ್ಟ್ ಮಾಡಿ ಪೈಪಿನ ಬಾಯಿಗೆ ದಪ್ಪ ಬಟ್ಟೆ ಒತ್ತಿ ಹಿಡಿದ. ಜಾಯಿಂಟಿನಲ್ಲಿ 'ಉಸ್' ಎಂದರೆ ಸೋರಿಕೆ ಇದೆ ಎಂದರ್ಥ. ಈ ಕೆಲಸವನ್ನು ಊರಿನ ಅಂಗಳದಲ್ಲಿ ನಾವೇ ಮಾಡಬಹುದು. ಇಲ್ಲಿನ ಬಯಲು ಪಾರ್ಕಿಂಗ್‌ನಲ್ಲಿ, ಬೇಸಿಗೆಯ ಬಿಸಿಲಲ್ಲಿ, ಜಾಕ್ ಸ್ಟ್ಯಾಂಡನ್ನೂ ಹಣ ಕೊಟ್ಟು ತಂದು ಕಾರಿನ ಕೆಳಗೆ ನುಗ್ಗಿದರೆ ಉಳಿತಾಯದ ಮಾತು ಅಲ್ಲಿಗೇ ಮುಗಿಯಿತು.

ದೊಡ್ಡ ಖರ್ಚು ಇರುವುದು ಸದ್ದಿನಲ್ಲಿ. ಇಲ್ಲಿ ಗದ್ದಲದ ವಾಹನ ಓಡಿಸಿದರೆ 2,000 ದಿರ್ಹಮ್ ದಂಡ, 12 ಬ್ಲ್ಯಾಕ್ ಪಾಯಿಂಟ್. ಅನುಮತಿ ಇಲ್ಲದೆ ಎಂಜಿನ್ ಅಥವಾ ಚಾಸಿಗೆ ಕೈ ಹಾಕಿದರೆ 1,000 ದಿರ್ಹಮ್, ಮತ್ತೆ 12 ಪಾಯಿಂಟ್, ಗಾಡಿ 30 ದಿನ ಜಪ್ತಿ. 24 ಪಾಯಿಂಟ್ ಆದರೆ ಲೈಸೆನ್ಸ್ ಅಮಾನತು; ಎರಡೂ ಕೇಸು ಒಟ್ಟಿಗೆ ಬಿದ್ದರೆ ಲೆಕ್ಕ ಅಲ್ಲಿಗೇ ಭರ್ತಿ. ಇಷ್ಟೂ ಸಾಲದು ಎಂಬಂತೆ ದುಬೈನ 2023ರ 30ನೇ ಡಿಕ್ರಿ ಪ್ರಕಾರ, ವೇಗ ಅಥವಾ ಸದ್ದು ಹೆಚ್ಚಿಸುವ ಮಾರ್ಪಾಡಿಗೆ ಜಪ್ತಿಯಾದ ಗಾಡಿ ಬಿಡಿಸಿಕೊಳ್ಳಲು 10,000 ದಿರ್ಹಮ್ ಕಟ್ಟಬೇಕು. ನಮ್ಮಲ್ಲಿ ಅದು ಒಂದು ಬೆಡ್‌ರೂಮ್ ಮನೆಯ ತಿಂಗಳ ಬಾಡಿಗೆಗಿಂತ ಹೆಚ್ಚು.

ಊರಲ್ಲೂ ಇದೇ ಕಥೆ. ಮೋಟಾರು ವಾಹನ ಕಾಯ್ದೆಯ 182ಎ(4)ರಲ್ಲಿ ಅನಧಿಕೃತ ಮಾರ್ಪಾಡು ಒಂದಕ್ಕೆ 5,000 ರೂಪಾಯಿ ದಂಡ ಇದೆ, ಜೈಲೂ ಆಗಬಹುದು.

ಇಷ್ಟೆಲ್ಲ ಕೊಟ್ಟು ಸಿಗುವುದೇನು? ಟರ್ಬೊ ಇಲ್ಲದ ಸಾಮಾನ್ಯ ಕಾರಿಗೆ ಹಿಂದಿನ ಪೈಪ್ ಮಾತ್ರ ಬದಲಿಸಿದರೆ ಕೆಲವೇ ಹಾರ್ಸ್‌ಪವರ್. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಹಾಕಿದರೆ ಹೊಗೆ ಹೆಚ್ಚುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಮೂರು ವರ್ಷ ದಾಟಿದ ಕಾರಿನ ವಾರ್ಷಿಕ ಟೆಸ್ಟಿಂಗ್‌ನಲ್ಲಿ ಅದಕ್ಕೆ ಉತ್ತರ ಹೇಳಬೇಕು. ಇನ್ಶೂರೆನ್ಸಿನವರಿಗೆ ತಿಳಿಸದ ಬದಲಾವಣೆ ಕ್ಲೇಮ್ ಹೊತ್ತಿಗೆ ತಕರಾರಾಗಬಹುದು.

ಹಾಕಿಸಲೇಬೇಕು ಎನ್ನುವವರು ಮೊದಲು ಅನುಮತಿಯ ದಾರಿ ವಿಚಾರಿಸಿ, ಕೊಟೇಶನ್ ಆಮೇಲೆ. ಲೈಸೆನ್ಸ್ ಇರುವ ಗ್ಯಾರೇಜಿನ ಬಿಲ್ ಪಡೆಯಿರಿ. ಬಿಚ್ಚಿದ ಭಾಗ ಒಳ್ಳೆಯದಿದ್ದರೆ ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಕಾರು ಮಾರುವಾಗ ಒರಿಜಿನಲ್ ಪೈಪಿಗೇ ಬೆಲೆ. ಕನ್ವರ್ಟರ್ ಹಾಳಾಗಿ ಬದಲಿಸಿದರೂ ಹಳೆಯದನ್ನು ಕೇಳಿ ತನ್ನಿ. ಅದರೊಳಗೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಇರುವುದರಿಂದ ಗುಜರಿಯವರೇ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಹುಡುಗನಿಗೆ ಹೇಳಿದ್ದು ಇಷ್ಟೇ: ಕಾರಿಗೆಂದು ಎತ್ತಿಟ್ಟ ಹಣವಿದ್ದರೆ ಮೊದಲು ಟೈರುಗಳ ತಯಾರಿಕೆ ವರ್ಷ ನೋಡು. ಜೂನ್ ತಿಂಗಳಲ್ಲಿ ಶೇಖ್ ಜಾಯೆದ್ ರೋಡಿನಲ್ಲಿ ಒಡೆಯುವುದು ಹಳೆಯ ಟೈರು. ಆ ಹೊತ್ತಿಗೆ ಎಕ್ಸಾಸ್ಟ್ ಎಷ್ಟು ಗುಡುಗಿದರೂ ಪ್ರಯೋಜನವಿಲ್ಲ.