ಕರೋಕೆ ಬಾಕ್ಸು: ದುಡ್ಡು ಹಾಕುವ ಮೊದಲು ಜಾಗ ನೋಡಿ

ಕರೋಕೆ ಈಗ ಊರೂರಿನ ಹವ್ಯಾಸ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್, ನಿವೃತ್ತರ ಬಳಗ, ಕಚೇರಿಯ ವಾರ್ಷಿಕೋತ್ಸವ, ಮನೆಯ ನಾಮಕರಣ, ಎಲ್ಲೇ ಆಗಲಿ ಟ್ರ್ಯಾಕ್ ಹಾಕಿಕೊಂಡು ರಾಜ್‌ಕುಮಾರ್, ಎಸ್‌ಪಿಬಿ, ಜಾನಕಿಯವರ ಹಾಡು ಹೇಳುವ ಹುಮ್ಮಸ್ಸು ಕಾಣುತ್ತದೆ. ಹುಮ್ಮಸ್ಸಿನ ಬೆನ್ನಿಗೇ ಖರ್ಚೂ ಬರುತ್ತದೆ. ಮೊದಲು ಒಂದು ಸಣ್ಣ ಬಾಕ್ಸು, ಅದು ಸಾಲದೆಂದು ಅದಕ್ಕಿಂತ ದೊಡ್ಡದು, ಅದೂ ಸಾಲದೆಂದು ಚಕ್ರವಿರುವ, ಬಣ್ಣದ ದೀಪ ಮಿನುಗುವ ಟ್ರಾಲಿ ಸ್ಪೀಕರು. ಪ್ರತಿ ಸಲವೂ ದೂರು ಮಾತ್ರ ಅದೇ: ಸಂಗೀತ ಜೋರಾಗಿದೆ, ಹಾಡುವವರ ದನಿ ಕೇಳುತ್ತಿಲ್ಲ, ಸ್ವಲ್ಪ ಏರಿಸಿದರೆ ಮೈಕು ಕೀಂ ಎನ್ನುತ್ತದೆ. ಹಣಕಾಸಿನ ದೃಷ್ಟಿಯಿಂದ ನನ್ನ ವಾದ ಇಷ್ಟೇ. ಕರೋಕೆಯಲ್ಲಿ ದನಿಗೆ ಮಿತಿ ಹಾಕುವುದು ಬಾಕ್ಸಿನ ವ್ಯಾಟ್ ಅಲ್ಲ, ಬಾಕ್ಸು ಮತ್ತು ಮೈಕು ಎಲ್ಲೆಲ್ಲಿವೆ ಎಂಬುದು. ಆದ್ದರಿಂದ ಖರ್ಚಿನ ಕ್ರಮವನ್ನು ತಿರುವುಮುರುವು ಮಾಡಬೇಕು: ಮೊದಲು ಜಾಗ, ಆಮೇಲೆ ಮೈಕು, ಅದಾದ ಮೇಲೆ ಬಾಕ್ಸು, ವ್ಯಾಟಿನ ಮಾತು ಕಟ್ಟಕಡೆಗೆ.

ಅಂಗಡಿಯಲ್ಲಿ ಕಣ್ಣಿಗೆ ಬೀಳುವ ವ್ಯಾಟ್ ಸಂಖ್ಯೆಯಿಂದಲೇ ಶುರು ಮಾಡೋಣ. ಸ್ಟಿಕ್ಕರಿನ ಮೇಲೆ 10,000 ವ್ಯಾಟ್ ಪಿಎಂಪಿಒ ಎಂದು ದಪ್ಪ ಅಕ್ಷರದಲ್ಲಿರುತ್ತದೆ; ಪಿಎಂಪಿಒ ಎಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಎಂದು ಹೇಳಿಕೊಳ್ಳುವ ಅಂಕಿ. ಮನೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ಟು 230 ವೋಲ್ಟಿನಲ್ಲಿ ಕೊಡಬಲ್ಲದ್ದು ಹೆಚ್ಚೆಂದರೆ 1,380 ವ್ಯಾಟ್. ಗೋಡೆಯಿಂದ ಬಾರದ ವಿದ್ಯುತ್ತು ಬಾಕ್ಸಿನಿಂದ ಎಡೆಬಿಡದೆ ಹೊರಡಲು ಸಾಧ್ಯವೇ ಇಲ್ಲ. ಟ್ರಾಲಿ ಸ್ಪೀಕರಿನ ಅಡಾಪ್ಟರನ್ನು ತಿರುಗಿಸಿ ಓದಿದರೆ ಗುಟ್ಟು ಇನ್ನೂ ಚೆನ್ನಾಗಿ ಬಯಲಾಗುತ್ತದೆ. 15 ವೋಲ್ಟ್, 3 ಆಂಪಿಯರ್ ಎಂದಿದ್ದರೆ ಒಳಗೆ ಹೋಗುತ್ತಿರುವುದು 45 ವ್ಯಾಟ್. ಒಳಗಿನ ಬ್ಯಾಟರಿ ಕ್ಷಣಕಾಲಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟೀತು, ಗಂಟೆಗಟ್ಟಲೆ ಕೊಡಲಾರದು. ಹೋಲಿಕೆ ಮಾಡುವುದಿದ್ದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನು ಹೇಳುವ ಆರ್‌ಎಂಎಸ್ ವ್ಯಾಟನ್ನು ಮಾತ್ರ ಹೋಲಿಸಬೇಕು. ಅದನ್ನು ಎಲ್ಲೂ ಬರೆಯದ ಪೆಟ್ಟಿಗೆಯ ಬೆಲೆಯಲ್ಲಿ ಸ್ಟಿಕ್ಕರಿನ ಬೆಲೆಯೂ ಸೇರಿದೆ ಎಂದುಕೊಂಡರೆ ತಪ್ಪಾಗದು.

ಇನ್ನು ನಿಜವಾದ ವ್ಯಾಟೇ ಇದೆ ಎಂದಿಟ್ಟುಕೊಳ್ಳಿ. ಆಗಲೂ ಕಿವಿಯ ಲೆಕ್ಕ ಬೇರೆ, ಬಿಲ್ಲಿನ ಲೆಕ್ಕ ಬೇರೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್; ಅದು ಕಿವಿಗೆ ‘ಸ್ವಲ್ಪ ಜಾಸ್ತಿಯಾಯಿತು’ ಅನ್ನುವಷ್ಟೇ. ಕೇಳುವವರಿಗೆ ಸದ್ದು ಇಮ್ಮಡಿಯಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ವ್ಯಾಟು ಹತ್ತು ಪಟ್ಟಾಗಬೇಕು. ಇದರ ಜೊತೆಗೆ ಸೆನ್ಸಿಟಿವಿಟಿ ಎಂಬ ಇನ್ನೊಂದು ಅಂಕಿ ಇದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬಾಕ್ಸು ಎಷ್ಟು ಡೆಸಿಬೆಲ್ ಕೊಡುತ್ತದೆ ಎಂಬುದನ್ನು ಅದು ಹೇಳುತ್ತದೆ. 90 ಡೆಸಿಬೆಲ್ ಸೆನ್ಸಿಟಿವಿಟಿಯ 100 ವ್ಯಾಟಿನ ಬಾಕ್ಸು, 87 ಡೆಸಿಬೆಲ್ಲಿನ 200 ವ್ಯಾಟಿನ ಬಾಕ್ಸಿಗೆ ಸರಿಸಮ. ಗಿರಾಕಿಗಳಲ್ಲಿ ವ್ಯಾಟ್ ಕೇಳುವವರೇ ಹೆಚ್ಚು, ಸೆನ್ಸಿಟಿವಿಟಿ ಕೇಳುವವರು ಅಪರೂಪ. ಕೇಳಿದವರಿಗೆ ಎಷ್ಟೋ ಸಲ ಕಡಿಮೆ ಬೆಲೆಯ ಬಾಕ್ಸೇ ಸಾಕಾಗುತ್ತದೆ.

ಆದರೆ ಕರೋಕೆಯ ಅಸಲಿ ಮಿತಿ ಇದ್ಯಾವುದೂ ಅಲ್ಲ, ಹೌಲಿಂಗ್. ಬಾಕ್ಸಿನಿಂದ ಹೊರಟ ದನಿ ಮತ್ತೆ ಮೈಕಿಗೆ ಬಿದ್ದು, ಆಂಪ್ಲಿಫೈಯರಿನಲ್ಲಿ ಹಿಗ್ಗಿ, ತಿರುಗಿ ಬಾಕ್ಸಿಗೇ ಬರುತ್ತದೆ. ಒಂದೊಂದು ಸುತ್ತಿಗೂ ಅದು ಬೆಳೆಯುತ್ತ ಹೋದರೆ ಕೀಂ ಎಂಬ ಕಿರುಚಾಟ ಕೇಳುತ್ತದೆ. ಈ ಅಂಚು ಬರುವುದು ಬಾಕ್ಸಿನ ತಾಕತ್ತು ಮುಗಿಯುವುದಕ್ಕಿಂತ ಬಹಳ ಮೊದಲೇ. 500 ವ್ಯಾಟಿನ ಬಾಕ್ಸನ್ನು ಹಾಡುವವರ ಹಿಂದೆಯೇ ಇಟ್ಟರೆ ವಾಲ್ಯೂಮಿನ ತಿರುಗಣೆ ಕಾಲುಭಾಗ ದಾಟುವ ಮುನ್ನವೇ ಮೈಕು ಕೂಗುತ್ತದೆ. ಮಿಕ್ಕ ವ್ಯಾಟಿಗೆ ಕೊಟ್ಟ ದುಡ್ಡು ಪೆಟ್ಟಿಗೆಯೊಳಗೇ ಕೊಳೆಯುತ್ತದೆ. ಈಗ ಬಿಟ್ಟಿ ಉಪಾಯ ನೋಡಿ. ಬಯಲಿನಲ್ಲಿ ಮೈಕಿಗೂ ಬಾಕ್ಸಿಗೂ ನಡುವಿನ ಅಂತರ ಒಂದು ಮೀಟರಿನಿಂದ ಎರಡು ಮೀಟರಿಗೆ ಏರಿದರೆ ಮೈಕಿಗೆ ಬೀಳುವ ಬಾಕ್ಸಿನ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅಷ್ಟೇ ಪ್ರಮಾಣದಲ್ಲಿ ವಾಲ್ಯೂಮ್ ಏರಿಸಿಕೊಳ್ಳಬಹುದು. ಮೈಕನ್ನು ಬಾಯಿಗೆ ಅರ್ಧದಷ್ಟು ಹತ್ತಿರ ತಂದರೆ ಇನ್ನೊಂದು 6 ಡೆಸಿಬೆಲ್. ಎರಡೂ ಸೇರಿ 12. ಇಷ್ಟನ್ನು ವ್ಯಾಟಿನಲ್ಲಿ ಕೊಳ್ಳಲು ಹೊರಟರೆ ಹದಿನಾರು ಪಟ್ಟು ವ್ಯಾಟಿಗೆ ಬೆಲೆ ಕೊಡಬೇಕು, ಕೊಟ್ಟರೂ ಹೌಲಿಂಗ್ ಅದನ್ನು ಬಳಸಲು ಬಿಡದು.

ಹಾಗಾದರೆ ಬಾಕ್ಸು ಎಲ್ಲಿರಬೇಕು? ಹಾಡುವ ಮೈಕುಗಳು ಬಹುಪಾಲು ಕಾರ್ಡಿಯಾಯ್ಡ್ ಜಾತಿಯವು. ಮುಂದಿನಿಂದ ಬರುವ ದನಿಯನ್ನು ಚೆನ್ನಾಗಿ ಹಿಡಿಯುತ್ತವೆ, ನೇರ ಹಿಂದಿನ ಸದ್ದಿಗೆ ಬಹುತೇಕ ಕಿವುಡು. 1966ರಿಂದಲೂ ವೇದಿಕೆಗಳಲ್ಲಿ ಕಾಣಿಸುವ ಶೂರ್ ಎಸ್ಎಂ58 ಇದೇ ಬಗೆಯದು. ಮನೆಯ ಹಾಲಿನಲ್ಲಿ ಹಾಡುವವರು ಟಿವಿಯತ್ತ ಮುಖ ಮಾಡಿ ಸಾಹಿತ್ಯ ಓದುತ್ತಾರೆ. ಅಲ್ಲಿ ಬಾಕ್ಸುಗಳು ಟಿವಿಯ ಎರಡು ಪಕ್ಕದಲ್ಲಿದ್ದರೆ ಮೈಕಿನ ಬೆನ್ನು ಬಾಕ್ಸಿನ ಕಡೆಗಿರುತ್ತದೆ, ಆ ಕಿವುಡುತನ ಕೆಲಸಕ್ಕೆ ಬರುತ್ತದೆ. ತೊಂದರೆ ಬರುವುದು ಹಾಡು ಮುಗಿಸಿದವರು ಚಪ್ಪಾಳೆಗೆಂದು ಹಿಂದಕ್ಕೆ ತಿರುಗಿದಾಗ, ಇಲ್ಲವೇ ಮೈಕನ್ನು ಕೆಳಗಿಳಿಸಿ ಅದರ ಮೂತಿ ಬಾಕ್ಸಿನತ್ತ ಚಾಚಿದಾಗ. ಕ್ಲಬ್‌ಹೌಸಿನಲ್ಲಿ ಹಾಡುವವರು ಸಭಿಕರತ್ತ ಮುಖ ಮಾಡುತ್ತಾರೆ. ಅಲ್ಲಿ ಬಾಕ್ಸುಗಳು ಅವರಿಗಿಂತ ಒಂದೆರಡು ಮೀಟರ್ ಮುಂದೆ, ಎರಡು ಮಗ್ಗುಲಲ್ಲಿ, ಸಭಿಕರತ್ತ ತಿರುಗಿರಬೇಕು. ಸಾಹಿತ್ಯಕ್ಕೆ ಎದುರಿಗೊಂದು ಸ್ಟ್ಯಾಂಡಿನಲ್ಲಿ ಟ್ಯಾಬ್ಲೆಟ್ ಸಾಕು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಸಿನಿಮೀಯ ಶೈಲಿ ಕಾರ್ಡಿಯಾಯ್ಡ್ ಗುಣವನ್ನೇ ಕೊಂದುಹಾಕುತ್ತದೆ. ಒಳ್ಳೆಯ ಮೈಕಿಗೆ ಕೊಟ್ಟ ಬೆಲೆ ಆ ಅಂಗೈಯಲ್ಲೇ ಕರಗುತ್ತದೆ.

ಎತ್ತರದ ವಿಷಯವನ್ನೂ ಇದರ ಜೊತೆಗೇ ನೋಡಬೇಕು. ಮಾತಿನ ಸ್ಪಷ್ಟತೆ ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ. ಎರಡು ಡ್ರೈವರುಗಳ ಬಾಕ್ಸಿನಲ್ಲಿ ಅದರ ದೊಡ್ಡ ಪಾಲು ಮೇಲಿನ ಟ್ವೀಟರು ಅಥವಾ ಹಾರ್ನ್‌ನಿಂದ ಬರುತ್ತದೆ, ಅದು ನೇರ ಗೆರೆಯಲ್ಲಿ ಸಾಗುತ್ತದೆ. ನೆಲದ ಮೇಲಿಟ್ಟ ಟ್ರಾಲಿ ಬಾಕ್ಸಿನ ಟ್ವೀಟರು ಮುಂದಿನ ಸಾಲಿನವರ ಮೊಣಕಾಲಿಗೆ ಹಾಡು ಹೇಳುತ್ತದೆ. ಹಿಂದಿನವರಿಗೆ ಕೇಳುವುದು ಗುಂಗುಂ ಮಾತ್ರ. ಗಟ್ಟಿಮುಟ್ಟಾದ ಮೇಜೋ ಸ್ಟ್ಯಾಂಡೋ ಹಾಕಿ ಟ್ವೀಟರನ್ನು ಕೂತವರ ತಲೆಗಿಂತ ಮೇಲಕ್ಕೆ ತಂದು, ತುಸು ಕೆಳಮುಖವಾಗಿ ಬಾಗಿಸಿದರೆ ಅದೇ ಬಾಕ್ಸಿನಲ್ಲಿ ಅಕ್ಷರ ಅಕ್ಷರವೂ ಬಿಡಿಸಿ ಕೇಳುತ್ತದೆ. ಮೂಲೆಗೆ ತಳ್ಳಿದ ಬಾಕ್ಸಿನಲ್ಲಿ ಎರಡು ಗೋಡೆ, ನೆಲ ಸೇರಿ ಬೇಸ್ ಉಬ್ಬುತ್ತದೆ, ದನಿ ಕೆಸರಾಗುತ್ತದೆ. ಎರಡಡಿ ಆಚೆಗೆ ಎಳೆದರೆ ಹಗುರವಾಗುತ್ತದೆ, ಅದಕ್ಕೂ ಖರ್ಚಿಲ್ಲ. ಗಂಡುದನಿಯೂ ಸಾಮಾನ್ಯವಾಗಿ 80-100 ಹರ್ಟ್ಸ್‌ಗಿಂತ ಕೆಳಗಿಳಿಯುವುದಿಲ್ಲವಾದ್ದರಿಂದ ಮನೆಯ ಹಾಡಿಗೆ 15 ಇಂಚಿನ ವೂಫರಿನ ದರ್ದಿಲ್ಲ. ಅದೇ ಹಣಕ್ಕೆ ಒಂದು 15 ಇಂಚಿನ ಬಾಕ್ಸು ಅಥವಾ ಎರಡು 8-10 ಇಂಚಿನವು ಎಂಬ ಆಯ್ಕೆ ಬಂದರೆ ನಾನು ಎರಡನ್ನೇ ಆರಿಸುತ್ತೇನೆ. ಆಗ ಪ್ರತಿಯೊಬ್ಬ ಕೇಳುಗನಿಗೂ ಒಂದು ಬಾಕ್ಸು ಹತ್ತಿರವಿರುತ್ತದೆ, ಯಾವುದನ್ನೂ ಕಿರುಚಿಸಬೇಕಾಗಿಲ್ಲ.

ತಿಳಿದವರು ಇಲ್ಲಿ ತಡೆದು ಕೇಳಬಹುದು: ಸಣ್ಣ ಬಾಕ್ಸನ್ನು ಪೂರ್ತಿ ಏರಿಸಿದರೆ ಒಡಕು ಬರುತ್ತದಲ್ಲ, ಗಟ್ಟಿ ಸ್ವರಕ್ಕೆ ಅವಕಾಶ ಬೇಡವೇ? ಆಕ್ಷೇಪ ನ್ಯಾಯವಾದದ್ದೇ. ತಾರಸ್ಥಾಯಿಯ ಒಂದು ಸ್ವರ ಸರಾಸರಿಗಿಂತ 10 ಡೆಸಿಬೆಲ್ಲಿಗೂ ಮೀರಿ ಜಿಗಿಯಬಹುದು. ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. 90 ಡೆಸಿಬೆಲ್ ಸೆನ್ಸಿಟಿವಿಟಿಯ, ನಿಜವಾದ 100 ವ್ಯಾಟಿನ ಬಾಕ್ಸು ಒಂದು ಮೀಟರಿನಲ್ಲಿ 110 ಡೆಸಿಬೆಲ್ ಮುಟ್ಟುತ್ತದೆ. ನಾಲ್ಕು ಮೀಟರ್ ದೂರಕ್ಕೆ ಬಯಲಿನ ಲೆಕ್ಕದಲ್ಲೂ 98 ಉಳಿಯುತ್ತದೆ. 85ರ ಆಸುಪಾಸಿನಲ್ಲಿ ಹಾಡಿದರೆ ಹಾಲ್ ತುಂಬುತ್ತದೆ, ಮೇಲೆ ಜಿಗಿಯಲು ಇನ್ನೂ 13 ಡೆಸಿಬೆಲ್ ಇದ್ದೇ ಇದೆ. ಹೀಗಾಗಿ ಮನೆಗೆ ಪ್ರಾಮಾಣಿಕ 100 ವ್ಯಾಟ್ ಬೇಕು ಎಂದರೆ ಒಪ್ಪುತ್ತೇನೆ. 1,000 ಬೇಕು ಎಂಬುದಕ್ಕೆ ಆಧಾರವಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಚುರುಕಾದದ್ದು. ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಇಳಿಯುತ್ತದೆ ಎಂಬುದು ಬಯಲಿನ ಮಾತು, ನಮ್ಮ ಹಾಲುಗಳಲ್ಲಿ ಅದು ನಡೆಯುತ್ತದೆಯೇ? ಪೂರ್ತಿ ನಡೆಯುವುದಿಲ್ಲ. ವಿಟ್ರಿಫೈಡ್ ಟೈಲ್ಸಿನ ನೆಲ, ಗಾಜಿನ ಕಿಟಕಿ, ಬೋಳು ಗೋಡೆ ಇರುವ ಕೋಣೆಯಲ್ಲಿ ಬಾಕ್ಸಿನಿಂದ ಒಂದೆರಡು ಮೀಟರ್ ದಾಟಿದರೆ ನೇರ ದನಿಗಿಂತ ಗೋಡೆಗೆ ಬಡಿದು ಬಂದ ದನಿಯೇ ಹೆಚ್ಚಿರುತ್ತದೆ, ದೂರ ಸರಿದ ಲಾಭ ಅಲ್ಲಿಗೆ ನಿಲ್ಲುತ್ತದೆ. ಆದರೆ ಇದು ವ್ಯಾಟಿನ ಪರವಾದ ಸಾಕ್ಷಿಯಲ್ಲ. ವ್ಯಾಟು ಹೆಚ್ಚಿದರೆ ನೇರ ದನಿಯಷ್ಟೇ ಪ್ರತಿಧ್ವನಿಯೂ ಹೆಚ್ಚುತ್ತದೆ, ಅನುಪಾತ ಬದಲಾಗದು. ಅದನ್ನು ಬದಲಿಸುವುದು ಕೋಣೆ: ದಪ್ಪ ಪರದೆ, ನೆಲಕ್ಕೊಂದು ಜಮಖಾನ, ಬಟ್ಟೆ ಹೊದಿಸಿದ ಸೋಫಾ, ತುಂಬಿದ ಪುಸ್ತಕದ ಕಪಾಟು. ಹೌಲಿಂಗ್ ತಡೆಯುವ ಯಂತ್ರಗಳೂ ಬರುತ್ತವೆ. ಅವು ಕೂಗುವ ಸ್ವರಸ್ಥಾನಗಳನ್ನು ಹುಡುಕಿ ಕತ್ತರಿಸುತ್ತವೆ, ಕೆಲವೇ ಡೆಸಿಬೆಲ್ ಉಳಿಸಿಕೊಡುತ್ತವೆ. ಬಾಕ್ಸನ್ನು ಸರಿಯಾಗಿ ಇಟ್ಟ ಮೇಲೆ ಅವು ಉಪಯೋಗಕ್ಕೆ ಬರುತ್ತವೆ, ತಪ್ಪು ಜಾಗದ ಬೆಲೆಯನ್ನು ಅವು ಭರಿಸಲಾರವು.

‘ಮನೆಯಲ್ಲಿ ಸೌಂಡ್‌ಬಾರ್ ಇದೆಯಲ್ಲ, ಬೇರೆ ಖರ್ಚೇಕೆ?’ ಎಂಬುದು ಉಳಿತಾಯದ ಪರವಾದ ಪ್ರಶ್ನೆ, ಆದ್ದರಿಂದ ಗೌರವದಿಂದಲೇ ಉತ್ತರಿಸಬೇಕು. ಟ್ರ್ಯಾಕಿಗೆ ಅದು ಧಾರಾಳ ಸಾಕು. ಮೈಕಿನ ದನಿಗೆ ಮಾತ್ರ ಎರಡು ಅಡ್ಡಿಗಳಿವೆ. ಒಂದು, ಬಹಳ ಸೌಂಡ್‌ಬಾರುಗಳಿಗೆ ಮೈಕಿನ ಕಿಂಡಿಯೇ ಇರುವುದಿಲ್ಲ. ಎರಡು, ಬ್ಲೂಟೂತ್ ಮೂಲಕ ಕಳಿಸಿದ ದನಿ ಸುಮಾರು 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಗಾಳಿಯಲ್ಲಿ ಮೂರು ಮೀಟರ್ ದಾಟಲು ದನಿಗೆ ಬೇಕಾದದ್ದು 9 ಮಿಲಿಸೆಕೆಂಡ್ ಮಾತ್ರ, ಅದು ಯಾರ ಗಮನಕ್ಕೂ ಬಾರದು. 150 ಮಿಲಿಸೆಕೆಂಡ್ ತಡವಾದ ತನ್ನದೇ ದನಿ ಎಂಥವರ ತಾಳವನ್ನೂ ಕೆಡಿಸುತ್ತದೆ. ಸಣ್ಣ ಮಿಕ್ಸರಿಗೆ ಮೈಕು, ಟ್ರ್ಯಾಕು ಎರಡನ್ನೂ ತಂತಿಯಲ್ಲಿ ಸೇರಿಸಿ, ತಂತಿಯಲ್ಲೇ ಬಾಕ್ಸಿಗೆ ಕೊಡುವುದು ಅಗ್ಗದ ಪರಿಹಾರ. ಹಣದ ಲೆಕ್ಕದಲ್ಲೂ ಒಂದೇ ಬೆಲೆಯ ವೈರ್‌ಲೆಸ್ ಮತ್ತು ವೈರ್ ಮೈಕುಗಳಲ್ಲಿ ನನ್ನ ಒಲವು ವೈರಿನ ಕಡೆಗೆ. ವೈರ್‌ಲೆಸ್ಸಿನಲ್ಲಿ ದುಡ್ಡಿನ ಒಂದು ಭಾಗ ರೇಡಿಯೋಗೆ ಹೋಗುತ್ತದೆ, ಮೈಕಿಗೆ ಉಳಿಯುವುದು ಕಮ್ಮಿ. ಸೆಲ್ಲಿನ ಖರ್ಚು ಬೇರೆ.

‘ನಾಳೆ ಮದುವೆ, ಗಣೇಶೋತ್ಸವಕ್ಕೂ ಆಗುತ್ತದೆ’ ಎಂದು ದೊಡ್ಡ ಸೆಟ್ ಕೊಳ್ಳುವವರಿದ್ದಾರೆ. ಅವರಿಗೆ ಬಾಡಿಗೆಯ ಲೆಕ್ಕ ತೋರಿಸಬೇಕು. 60,000 ರೂಪಾಯಿಯ ಸೆಟ್ ಐದು ವರ್ಷದ ಮೇಲೆ 20,000ಕ್ಕೆ ಮಾರಾಟವಾಯಿತು ಎಂದುಕೊಂಡರೆ ಸವಕಳಿ ವರ್ಷಕ್ಕೆ 8,000. ವರ್ಷಕ್ಕೆ ನಾಲ್ಕು ಕಾರ್ಯಕ್ರಮವಾದರೆ ರಿಪೇರಿ, ಬಡ್ಡಿ ಬಿಟ್ಟು ತಲಾ 2,000. ಊರಿನ ಸೌಂಡ್ ಸಿಸ್ಟಂನವರು ಆಳು ಸಮೇತ ಅಷ್ಟಕ್ಕೇ ಬರುತ್ತಾರಾದರೆ ಕೊಳ್ಳುವುದರಲ್ಲಿ ಅರ್ಥವಿಲ್ಲ. ಕರೋಕೆ ಬೆಳೆದದ್ದೇ ಬಾಡಿಗೆಯ ಮೇಲೆ. ಜಪಾನಿನ ಕೋಬೆಯಲ್ಲಿ 1971ರಲ್ಲಿ ಡೈಸುಕೆ ಇನೊಯೆ ತಾನು ರೂಪಿಸಿದ ಕರೋಕೆ ಯಂತ್ರಗಳನ್ನು ಬಾರುಗಳಿಗೆ ಬಾಡಿಗೆಗೇ ಕೊಟ್ಟಿದ್ದ. ಕಾನೂನಿನ ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಟ್ಟ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಖಾಸಗಿ ಸೌಂಡ್ ಸಿಸ್ಟಂ ನಿಮ್ಮ ಜಾಗದ ಗಡಿಯಲ್ಲಿ ಅದನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಎದುರುಬದುರು ನಿಂತು ಆಡುವ ಮಾಮೂಲಿ ಮಾತೇ 60ರ ಹತ್ತಿರ. ರಾತ್ರಿ ಹತ್ತರ ಮೇಲೆ ಗಡಿಯಲ್ಲಿ 50ಕ್ಕೆ ನಿಲ್ಲಬೇಕಾದ ಮನೆಗೆ ಸಾವಿರ ವ್ಯಾಟ್ ತಂದು ಮಾಡುವುದೇನು?

ಕೊನೆಗೆ ಹಂಚಿಕೆ. ಕೈಯಲ್ಲಿ 40,000 ರೂಪಾಯಿ ಇದ್ದರೆ ಅರ್ಧವನ್ನು ಎರಡು ಬಾಕ್ಸುಗಳಿಗೆ, ಕಾಲುಭಾಗವನ್ನು ಮೈಕುಗಳಿಗೆ, ಉಳಿದ 10,000ವನ್ನು ಮಿಕ್ಸರು, ಸ್ಟ್ಯಾಂಡು, ಕೇಬಲ್ಲು, ಪರದೆಗಳಿಗೆ ಇಟ್ಟುಕೊಳ್ಳಿ. ಸ್ಟ್ಯಾಂಡನ್ನು ‘ಆಮೇಲೆ ನೋಡೋಣ’ ಎಂದು ಬಿಡುವವರೇ ಬಾಕ್ಸನ್ನು ನೆಲದ ಮೇಲಿಟ್ಟು, ಸಾಲದೆಂದು ಇನ್ನೊಂದು ಕೊಳ್ಳುವವರು. ನೋ ಕಾಸ್ಟ್ ಇಎಂಐ ಆಸೆಗೆ ಬಜೆಟ್ ಹಿಗ್ಗಿಸಬೇಡಿ. ಅದರಲ್ಲಿ ಬಡ್ಡಿ ಸಾಮಾನ್ಯವಾಗಿ ರಿಯಾಯಿತಿಯ ವೇಷದಲ್ಲಿ ಸರಿದೂಗಿರುತ್ತದೆ, ಕ್ರೆಡಿಟ್ ಕಾರ್ಡಿನ ಇಎಂಐ ಆದರೆ ಆ ಬಡ್ಡಿಯ ಮೇಲಿನ 18% ಜಿಎಸ್‌ಟಿ ನಿಮ್ಮ ತಲೆಗೇ ಬರುತ್ತದೆ. ಕೊಳ್ಳುವ ಮುನ್ನ ಒಂದು ಸಂಜೆಗೆ ಸಾಧಾರಣ ಸೆಟ್ ಬಾಡಿಗೆಗೆ ತನ್ನಿ. ಟ್ರ್ಯಾಕ್ ನಿಲ್ಲಿಸಿ, ಹಾಡುವವರು ನಿಲ್ಲುವ ಕಡೆ ಮೈಕು ಹಿಡಿದು, ಕೂಗುವವರೆಗೆ ವಾಲ್ಯೂಮನ್ನು ಮೆಲ್ಲಗೆ ಏರಿಸಿ, ಆ ಅಂಕಿಗೆ ಪೆನ್ಸಿಲ್ ಗುರುತು ಹಾಕಿ. ಬಾಕ್ಸು ಸರಿಸಿ, ಎತ್ತರಿಸಿ, ಪರದೆ ಎಳೆದು ಮತ್ತೆ ಏರಿಸಿ ನೋಡಿ. ಗುರುತು ಮೇಲೆ ಹೋದಷ್ಟೂ ನೀವು ಕೊಳ್ಳಬೇಕಾದ ಬಾಕ್ಸು ಚಿಕ್ಕದಾಗುತ್ತದೆ. ಆ ಸಂಜೆಯ ಬಾಡಿಗೆಯನ್ನು ಖರ್ಚಿನ ಬಾಬ್ತಿಗೆ ಹಾಕದೆ ಉಳಿತಾಯದ ಬಾಬ್ತಿಗೇ ಬರೆದುಕೊಳ್ಳಬಹುದು.