ಪ್ರಭಾವಾಂಕವೂ ಪ್ರಭಾವವೂ: ಒಂದು ಚರ್ಮರೋಗ ಪತ್ರಿಕೆಯ ನಿದರ್ಶನ

ಲೋಕವ್ಯವಹಾರಕ್ಕೆ ಅಳತೆಯೇ ಆಧಾರ. ನಮ್ಮ ಹಿರಿಯರು ಕಾಳಿಗೆ ಸೇರು ಕೊಳಗಗಳನ್ನೂ, ಚಿನ್ನಕ್ಕೆ ಗುಲಗಂಜಿ ತೊಲಗಳನ್ನೂ, ನೆಲಕ್ಕೆ ಗುಂಟೆ ಎಕರೆಗಳನ್ನೂ ಇಟ್ಟುಕೊಂಡು ವ್ಯವಹರಿಸಿದರು. ಕೊಳಗದಿಂದ ಚಿನ್ನವನ್ನು ಅಳೆದವರಿಲ್ಲ. ಗುಲಗಂಜಿಯಿಂದ ರಾಗಿಯನ್ನು ತೂಗಿದವರೂ ಇಲ್ಲ. ಯಾವ ವಸ್ತುವಿಗೆ ಯಾವ ಮಾನವು ತಕ್ಕುದು ಎಂಬ ವಿವೇಕವು ಅಳೆಯುವವನಿಗೆ ಮೊದಲು ಬೇಕು. ವಿದ್ಯೆಯನ್ನು ಅಳೆಯುವಾಗಲೂ ಈ ವಿವೇಕವು ಅವಶ್ಯಕವೆಂಬುದನ್ನು ವೈದ್ಯವಿಜ್ಞಾನದ ಒಂದು ನಿದರ್ಶನದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಚರ್ಮರೋಗಶಾಸ್ತ್ರದ ಸಂಶೋಧನ ಪತ್ರಿಕೆಯೊಂದರ ಪ್ರಭಾವವನ್ನು ಇಂದು ಹೇಗೆ ಅಳೆಯುತ್ತಾರೆ, ಆ ಅಳತೆಯಲ್ಲಿ ಏನು ದೊರೆಯುತ್ತದೆ, ಏನು ಸೋರಿಹೋಗುತ್ತದೆ ಎಂಬುದೇ ಇಲ್ಲಿಯ ವಿಚಾರ. ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ವೈದ್ಯರೂ ಅಧ್ಯಾಪಕರೂ ಆಗತಕ್ಕವರು. ಅವರು ಈ ಅಂಕೆಗಳನ್ನು ಎದುರಿಸಲೇಬೇಕಾಗುತ್ತದೆ. ಆದುದರಿಂದ ಇದನ್ನು ಈಗಲೇ ತಿಳಿದಿರುವುದು ಒಳಿತು.

೧. ಉಲ್ಲೇಖವೆಂದರೇನು?

ಇಲ್ಲಿ ಪತ್ರಿಕೆಯೆಂದರೆ ದಿನಪತ್ರಿಕೆಯಲ್ಲ, ಶಾಸ್ತ್ರಪತ್ರಿಕೆ. ವೈದ್ಯನೊಬ್ಬನು ತಾನು ಕಂಡ ಹೊಸ ಸಂಗತಿಯನ್ನು ಬರೆದು ಕಳುಹಿಸುತ್ತಾನೆ. ಅದೇ ಶಾಸ್ತ್ರದಲ್ಲಿ ಪರಿಣತರಾದ ಬೇರೆಯವರು ಅದನ್ನು ಪರೀಕ್ಷಿಸುತ್ತಾರೆ. ಒಪ್ಪಿಗೆಯಾದರೆ ಲೇಖನವು ಅಚ್ಚಾಗುತ್ತದೆ. ಮುಂದೆ ಅದೇ ವಿಷಯವನ್ನು ಬರೆಯುವವನು ತನಗೆ ಆಧಾರವಾದ ಹಿಂದಿನ ಲೇಖನಗಳನ್ನು ಹೆಸರಿಸಬೇಕು. ಇದಕ್ಕೇ ಉಲ್ಲೇಖವೆಂದು ಹೆಸರು.

ಈ ಪದ್ಧತಿ ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ತನ್ನ ವ್ಯಾಕರಣಕ್ಕೆ ಯಾವ ಕವಿಗಳ ಪ್ರಯೋಗವು ಆಧಾರವೆಂಬುದನ್ನು ಹೆಸರಿಟ್ಟು ಹೇಳಿದ್ದಾನೆ. ಪಂಪ ಪೊನ್ನರ ಜೊತೆಗೆ ಗಜಗ, ಗುಣನಂದಿ, ಅಸಗ ಮೊದಲಾದವರ ಹೆಸರುಗಳೂ ಅಲ್ಲಿ ಬರುತ್ತವೆ. ಅಸಗನ ಕನ್ನಡ ಕಾವ್ಯವು ನಮಗೆ ಉಳಿದು ಬಂದಿಲ್ಲ. ಆದಾಗ್ಯೂ ಅವನು ಗಣ್ಯ ಕವಿಯಾಗಿದ್ದನೆಂಬುದನ್ನು ಇಂತಹ ಉಲ್ಲೇಖಗಳಿಂದಲೇ ಅರಿಯುತ್ತೇವೆ. ಹೀಗೆ ಉಲ್ಲೇಖವು ವಿದ್ವಾಂಸನು ವಿದ್ವಾಂಸನಿಗೆ ತೋರುವ ಋಣದ ಸಾಕ್ಷಿ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬೀಸುಕಲ್ಲಿನ ಮುಂದೆ ನಮ್ಮ ತಾಯಂದಿರು ಹಾಡಿದ ಹಾಡುಗಳು ಲಕ್ಷಣಗ್ರಂಥಗಳ ಪುಟವನ್ನು ಸೇರದೆಯೇ ತಲೆಮಾರುಗಳನ್ನು ಪೋಷಿಸಿದವು. ಉಲ್ಲೇಖವಿರುವಲ್ಲಿ ಪ್ರಭಾವವಿದೆಯೆಂದು ಊಹಿಸಬಹುದು. ಉಲ್ಲೇಖವಿಲ್ಲದ ಕಡೆ ಪ್ರಭಾವವೂ ಇಲ್ಲವೆಂದು ತೀರ್ಮಾನಿಸಲಾಗದು. ಈ ಭೇದವನ್ನು ವಾಚಕರು ಕಡೆಯವರೆಗೂ ನೆನಪಿನಲ್ಲಿಡಬೇಕು.

೨. ಪ್ರಭಾವಾಂಕದ ಉತ್ಪತ್ತಿ

ಉಲ್ಲೇಖಗಳನ್ನು ಎಣಿಸುವ ಕಾರ್ಯವು ಒಂದು ಸಾಧಾರಣ ಪ್ರಶ್ನೆಯಿಂದ ಹುಟ್ಟಿತು. ಕಾಲೇಜಿನ ಗ್ರಂಥಾಲಯಕ್ಕೆ ಇರುವ ಹಣದಲ್ಲಿ ಯಾವ ಪತ್ರಿಕೆಗಳನ್ನು ತರಿಸಬೇಕು? ೧೯೨೭ರಲ್ಲಿ ಅಮೆರಿಕದ ಗ್ರಾಸ್ ಮತ್ತು ಗ್ರಾಸ್ ಎಂಬ ಇಬ್ಬರು ಪ್ರಮುಖ ರಸಾಯನಶಾಸ್ತ್ರ ಪತ್ರಿಕೆಯೊಂದರಲ್ಲಿ ಯಾವ ಯಾವ ಪತ್ರಿಕೆಗಳು ಎಷ್ಟೆಷ್ಟು ಸಲ ಉಲ್ಲೇಖಗೊಂಡಿವೆ ಎಂದು ಎಣಿಸಿ ಇದಕ್ಕೆ ಉತ್ತರ ಹುಡುಕಿದರು. ಅಲ್ಲಿಯ ವಕೀಲರಲ್ಲಿ ಇದಕ್ಕೂ ಹಿಂದೆ, ೧೮೭೩ರಿಂದ, ಶೆಪರ್ಡ್ ಸೂಚಿಯೆಂಬುದು ಬಳಕೆಯಲ್ಲಿತ್ತು. ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಎಂಬುದನ್ನು ಅದು ತಿಳಿಸುತ್ತಿತ್ತು. ಈ ಸೂಚಿಯ ಮಾದರಿಯನ್ನು ವಿಜ್ಞಾನಕ್ಕೆ ಅನ್ವಯಿಸಬಹುದೆಂದು ಯೂಜೀನ್ ಗಾರ್ಫೀಲ್ಡ್ (೧೯೨೫–೨೦೧೭) ೧೯೫೫ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ೧೯೬೦ರ ದಶಕದಲ್ಲಿ ಅವರ ಸಂಸ್ಥೆಯು ವಿಜ್ಞಾನ ಉಲ್ಲೇಖಸೂಚಿಯನ್ನು ಹೊರತಂದಿತು. ಆ ಸೂಚಿಗೆ ಪತ್ರಿಕೆಗಳನ್ನು ಆಯ್ದುಕೊಳ್ಳುವ ಸಲುವಾಗಿ ಗಾರ್ಫೀಲ್ಡ್ ಮತ್ತು ಅವರ ಸಹೋದ್ಯೋಗಿ ಅರ್ವಿಂಗ್ ಶೇರ್ ಒಂದು ಅಂಕೆಯನ್ನು ಕಲ್ಪಿಸಿದರು. ಇಂಗ್ಲಿಷಿನಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಎನ್ನುವ ಅದನ್ನು ಇಲ್ಲಿ ಪ್ರಭಾವಾಂಕವೆಂದು ಕರೆಯೋಣ. ಇದು ಪತ್ರಿಕೆಗಳನ್ನು ಆಯುವುದಕ್ಕಾಗಿ ಹುಟ್ಟಿದ ಅಂಕೆಯೇ ಹೊರತು ಮನುಷ್ಯರನ್ನು ತೂಗುವುದಕ್ಕಾಗಿ ಹುಟ್ಟಿದುದಲ್ಲ. ಈಗ ಇದನ್ನು ಕ್ಲಾರಿವೇಟ್ ಎಂಬ ವಾಣಿಜ್ಯ ಸಂಸ್ಥೆಯು ವರ್ಷಕ್ಕೊಮ್ಮೆ ಪ್ರಕಟಿಸುತ್ತದೆ.

ಲೆಕ್ಕವು ಸುಲಭವಾದುದು. ಒಂದು ಚರ್ಮರೋಗ ಪತ್ರಿಕೆಯು ೨೦೨೨ರಲ್ಲಿ ೧೧೦, ೨೦೨೩ರಲ್ಲಿ ೯೦, ಒಟ್ಟು ೨೦೦ ಲೇಖನಗಳನ್ನು ಪ್ರಕಟಿಸಿತೆಂದು ಭಾವಿಸೋಣ. ಈ ಎರಡು ವರ್ಷಗಳ ಬರಹಗಳನ್ನು ೨೦೨೪ರಲ್ಲಿ ಇತರರು ೩೦೦ ಸಲ ಉಲ್ಲೇಖಿಸಿದರೆ, ೩೦೦ನ್ನು ೨೦೦ರಿಂದ ಭಾಗಿಸಬೇಕು. ಆಗ ಬರುವ ೧.೫ ಎಂಬುದೇ ೨೦೨೪ರ ಪ್ರಭಾವಾಂಕ.

೩. ಈ ಅಂಕೆಯ ಇತಿಮಿತಿಗಳು

ಮೊದಲನೆಯದಾಗಿ, ಇದು ಸರಾಸರಿ. ಹತ್ತು ಲೇಖನಗಳಲ್ಲಿ ಒಂದಕ್ಕೆ ೨೧, ನಾಲ್ಕಕ್ಕೆ ತಲಾ ೨, ಒಂದಕ್ಕೆ ೧ ಉಲ್ಲೇಖ ದೊರೆತು ಮಿಕ್ಕ ನಾಲ್ಕಕ್ಕೆ ಒಂದೂ ದೊರೆಯಲಿಲ್ಲವೆಂದು ಇಟ್ಟುಕೊಳ್ಳೋಣ. ಒಟ್ಟು ೩೦, ಸರಾಸರಿ ೩. ಆದರೆ ಹತ್ತರಲ್ಲಿ ಒಂಬತ್ತು ಲೇಖನಗಳು ಈ ಸರಾಸರಿಯನ್ನು ಮುಟ್ಟಿಲ್ಲ! ವಾಸ್ತವದಲ್ಲಿಯೂ ಪರಿಸ್ಥಿತಿ ಇಂತಹದೇ ಎಂಬುದನ್ನು ನಾರ್ವೆಯ ಪರ್ ಸೆಗ್ಲೆನ್ ೧೯೯೭ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ತೋರಿಸಿದರು. ಅವರು ಪರೀಕ್ಷಿಸಿದ ಪತ್ರಿಕೆಗಳಲ್ಲಿ ನೂರಕ್ಕೆ ೧೫ ಲೇಖನಗಳು ಅರ್ಧದಷ್ಟು ಉಲ್ಲೇಖಗಳನ್ನು ಪಡೆದಿದ್ದವು. ಆದುದರಿಂದ ಪತ್ರಿಕೆಯ ಅಂಕೆಯನ್ನು ನೋಡಿ ಅದರೊಳಗಿನ ಒಂದು ಲೇಖನದ ಗುಣವನ್ನು ಹೇಳುವುದು, ಊರಿನ ಸರಾಸರಿ ಆದಾಯವನ್ನು ಕೇಳಿ ಒಬ್ಬ ಕೂಲಿಯವನ ಜೇಬನ್ನು ಎಣಿಸಿದಂತೆ.

ಎರಡನೆಯದು ಕಾಲದ ಮಿತಿ. ಪ್ರಕಟವಾದ ನಂತರದ ಎರಡು ವರ್ಷಗಳ ಉಲ್ಲೇಖಗಳು ಮಾತ್ರ ಇಲ್ಲಿ ಗಣ್ಯ. ಪ್ರಯೋಗಶಾಲೆಯ ಶಾಸ್ತ್ರಗಳು ವೇಗವಾಗಿ ಸಾಗುತ್ತವೆ. ಆದರೆ ಚರ್ಮರೋಗಶಾಸ್ತ್ರವು ಬಹುಮಟ್ಟಿಗೆ ಕಣ್ಣಿನಿಂದ ಕಂಡು ವರ್ಣಿಸುವ ಶಾಸ್ತ್ರ. ಒಂದು ಅಪೂರ್ವ ರೋಗದ ಒಳ್ಳೆಯ ವರ್ಣನೆಯನ್ನು ಇಪ್ಪತ್ತು ವರ್ಷಗಳ ಮೇಲೂ ವೈದ್ಯರು ತೆಗೆದು ಓದುವುದುಂಟು.

ಮೂರನೆಯದು ಭಾಗಾಕಾರದ ಸೂಕ್ಷ್ಮ. ಸಂಪಾದಕೀಯ, ಓಲೆ ಮೊದಲಾದ ಬರಹಗಳು ಸಾಮಾನ್ಯವಾಗಿ ಛೇದದಲ್ಲಿ ಎಣಿಕೆಗೆ ಬರುವುದಿಲ್ಲ. ಅವುಗಳಿಗೆ ಬಂದ ಉಲ್ಲೇಖಗಳು ಮಾತ್ರ ಅಂಶದಲ್ಲಿ ಸೇರುತ್ತವೆ. ಸಮೀಕ್ಷಾ ಲೇಖನಗಳಿಗೆ ಉಲ್ಲೇಖ ಹೆಚ್ಚು, ಏಕರೋಗಿವೃತ್ತಾಂತಗಳಿಗೆ ಕಡಿಮೆ. ಅಂಕೆಯನ್ನೇ ಗುರಿಯಾಗಿಸಿಕೊಂಡ ಸಂಪಾದಕನು ರೋಗಿವೃತ್ತಾಂತಗಳನ್ನು ಕೈಬಿಟ್ಟು ಸಮೀಕ್ಷೆಗಳನ್ನು ತುಂಬಬಹುದು. ತನ್ನ ಪತ್ರಿಕೆಯನ್ನೇ ಉಲ್ಲೇಖಿಸಿರೆಂದು ಲೇಖಕರನ್ನು ಒತ್ತಾಯಿಸಲೂಬಹುದು. ಹೀಗೆ ಸ್ವೋಲ್ಲೇಖವು ಮಿತಿಮೀರಿದ ಪತ್ರಿಕೆಗಳ ಅಂಕೆಯನ್ನು ಕ್ಲಾರಿವೇಟ್ ಸಂಸ್ಥೆಯೇ ತಡೆಹಿಡಿದ ಪ್ರಸಂಗಗಳುಂಟು.

ಹಲವು ದಶಕಗಳ ಕಾಲ ಈ ಅಂಕೆಯನ್ನು ಮೂರು ದಶಮಾಂಶ ಸ್ಥಾನಗಳವರೆಗೆ ಮುದ್ರಿಸುತ್ತಿದ್ದರು. ಸಾವಿರದಲ್ಲೊಂದು ಪಾಲಿನ ವ್ಯತ್ಯಾಸದಿಂದ ಒಂದು ಪತ್ರಿಕೆ ಮೇಲು, ಇನ್ನೊಂದು ಕೀಳು ಎನಿಸಿಕೊಳ್ಳುತ್ತಿತ್ತು. ೨೦೨೩ರಿಂದ ಒಂದೇ ದಶಮಾಂಶ ಸ್ಥಾನವನ್ನು ಕೊಡುತ್ತಿದ್ದಾರೆ. ಇಲ್ಲದ ಸೂಕ್ಷ್ಮತೆಯನ್ನು ತೋರಿಸುವುದು ಸಲ್ಲದೆಂಬ ಅರಿವು ಇದರಲ್ಲಿದೆ.

ಈ ಕೊರತೆಗಳನ್ನು ನೀಗಲು ಬೇರೆ ಮಾನಗಳೂ ಬಂದಿವೆ. ಐದು ವರ್ಷಗಳ ಪ್ರಭಾವಾಂಕವು ಕಾಲಮಿತಿಯನ್ನು ಸಡಿಲಿಸುತ್ತದೆ. ೨೦೦೫ರಲ್ಲಿ ಜಾರ್ಜ್ ಹರ್ಷ್ ಎಂಬ ಭೌತವಿಜ್ಞಾನಿ ಎಚ್-ಸೂಚ್ಯಂಕವನ್ನು ಸೂಚಿಸಿದರು. ತಲಾ ಇಪ್ಪತ್ತಾದರೂ ಉಲ್ಲೇಖ ಪಡೆದ ಇಪ್ಪತ್ತು ಲೇಖನಗಳಿದ್ದರೆ, ಇಪ್ಪತ್ತೊಂದರ ಲೆಕ್ಕಕ್ಕೆ ಅದು ಏರದಿದ್ದರೆ, ಸೂಚ್ಯಂಕ ೨೦. ಐಗನ್‌ಫ್ಯಾಕ್ಟರ್ ಎಂಬ ಇನ್ನೊಂದು ಮಾನವು ಉಲ್ಲೇಖಿಸಿದವರು ಯಾರು ಎಂಬುದಕ್ಕೂ ಬೆಲೆ ಕೊಡುತ್ತದೆ. ಗಣ್ಯ ಪತ್ರಿಕೆಯ ಉಲ್ಲೇಖಕ್ಕೆ ಅಲ್ಲಿ ತೂಕ ಹೆಚ್ಚು. ಇವೆಲ್ಲವೂ ಉಪಯುಕ್ತವೇ. ಆದರೆ ಇವೆಲ್ಲವೂ ಉಲ್ಲೇಖವನ್ನೇ ಎಣಿಸುತ್ತವೆ ಎಂಬುದನ್ನು ಮರೆಯಲಾಗದು.

೪. ನಮ್ಮ ದೇಶದ ಒಂದು ಪತ್ರಿಕೆ

ಈಗ ನಿದರ್ಶನಕ್ಕೆ ಬರೋಣ. ೧೯೩೫ರಲ್ಲಿ ಡಾ. ಯು. ಬಿ. ನಾರಾಯಣರಾವ್ ಅವರು ಗುಹ್ಯರೋಗಗಳಿಗೆ ಮೀಸಲಾದ ಒಂದು ಪತ್ರಿಕೆಯನ್ನು ಆರಂಭಿಸಿದರು. ಕಾಲಕ್ರಮದಲ್ಲಿ ಚರ್ಮರೋಗಗಳೂ ಅದರ ವ್ಯಾಪ್ತಿಗೆ ಸೇರಿದವು. ೧೯೭೬ರಿಂದ ಅದು ಇಂಡಿಯನ್ ಜರ್ನಲ್ ಆಫ್ ಡರ್ಮಟಾಲಜಿ, ವೆನೀರಿಯಾಲಜಿ ಅಂಡ್ ಲೆಪ್ರಾಲಜಿ ಎಂಬ ಹೆಸರಿನಿಂದ ಹೊರಬರುತ್ತಿದೆ. ಚರ್ಮರೋಗ, ಗುಹ್ಯರೋಗ, ಕುಷ್ಠರೋಗ ಈ ಮೂರನ್ನೂ ಒಳಗೊಂಡ ಹೆಸರಿದು. ಇದರ ಪ್ರಭಾವಾಂಕವು ಅಮೆರಿಕ, ಬ್ರಿಟನ್ನುಗಳ ದೊಡ್ಡ ಚರ್ಮರೋಗ ಪತ್ರಿಕೆಗಳಿಗಿಂತ ಬಹಳ ಕೆಳಗಿದೆ.

೨೦೧೧ರಲ್ಲಿ ಈ ಪತ್ರಿಕೆಯು ಒಂದು ಅಧ್ಯಯನವನ್ನು ಪ್ರಕಟಿಸಿತು. ದೇಶದ ೧೨ ಚರ್ಮರೋಗ ಕೇಂದ್ರಗಳ ವೈದ್ಯರು ಮುಖದ ಚರ್ಮವ್ಯಾಧಿಗಳಿಗಾಗಿ ಬಂದ ೨,೯೨೬ ರೋಗಿಗಳನ್ನು ವಿಚಾರಿಸಿದ್ದರು. ಅವರಲ್ಲಿ ೪೩೩ ಮಂದಿ ಮುಖಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಳ್ಳುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಎಷ್ಟೋ ಮಂದಿ ಅದನ್ನು ಬಣ್ಣ ಬೆಳ್ಳಗಾಗಲೆಂದೋ, ಮೊಡವೆ ಹೋಗಲೆಂದೋ ಹಚ್ಚಿದ್ದರು. ಸ್ಟೀರಾಯ್ಡ್ ಉರಿಯೂತವನ್ನು ಬೇಗನೆ ತಗ್ಗಿಸುವುದರಿಂದ ಮೊದಲು ಹಿತವೆನಿಸುತ್ತದೆ. ಆದರೆ ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ. ಆ ೪೩೩ರಲ್ಲಿ ೩೯೨ ಮಂದಿಗೆ ಇಂತಹ ದುಷ್ಪರಿಣಾಮಗಳಾಗಿದ್ದವು.

ಚರ್ಮವೈದ್ಯರು ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. ಮತ್ತಷ್ಟು ಲೇಖನಗಳನ್ನು ಬರೆದರು, ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದರು, ಜನರಲ್ಲಿ ಪ್ರಚಾರ ಮಾಡಿದರು. ೨೦೧೮ರಲ್ಲಿ ಕೇಂದ್ರ ಸರ್ಕಾರವು ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ನಿಯಮವನ್ನು ಬಿಗಿಗೊಳಿಸಿತು. ಈ ಫಲವು ಒಂದೇ ಲೇಖನದ್ದೆಂದು ಹೇಳುವುದು ಅತಿಶಯವಾದೀತು. ಆದರೆ ವಾದಕ್ಕೆ ಬೇಕಾದ ಅಂಕಿಅಂಶಗಳನ್ನು ಇಂತಹ ಲೇಖನಗಳೇ ಒದಗಿಸಿದವು.

ಈಗ ಪ್ರಭಾವಾಂಕದ ಲೆಕ್ಕವನ್ನು ನೋಡಿರಿ. ೨೦೧೧ರ ಲೇಖನಕ್ಕೆ ೨೦೧೨ ಮತ್ತು ೨೦೧೩ರಲ್ಲಿ ಬಂದ ಉಲ್ಲೇಖಗಳು ಮಾತ್ರ ಅದರಲ್ಲಿ ಸೇರತಕ್ಕವು. ೨೦೧೮ರ ವೇಳೆಗೆ ಲೆಕ್ಕದ ಪುಸ್ತಕವನ್ನು ಮುಚ್ಚಿ ಐದು ವರ್ಷಗಳಾಗಿದ್ದವು. ಸರ್ಕಾರದ ಅಧಿಸೂಚನೆಯಂತೂ ಸಂಶೋಧನ ಲೇಖನವಲ್ಲ; ಅದು ಯಾವ ಉಲ್ಲೇಖಸೂಚಿಗೂ ಸೇರದು. ತಾಲ್ಲೂಕು ಕೇಂದ್ರದ ವೈದ್ಯನೊಬ್ಬನು ಆ ಲೇಖನವನ್ನು ಓದಿ ಒಬ್ಬ ಹುಡುಗಿಗೆ 'ಈ ಮುಲಾಮನ್ನು ನಿಲ್ಲಿಸು ತಾಯಿ' ಎಂದು ಹೇಳಿದ್ದರೆ, ಅದೂ ಲೆಕ್ಕಕ್ಕಿಲ್ಲ. ವೈದ್ಯಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಭಾವವು ಇನ್ನಾವುದು?

ಸ್ಥಳೀಯವೆಂದು ತೋರುವ ವಿಷಯವು ಸ್ಥಳೀಯವಾಗಿಯೇ ಉಳಿಯುವುದಿಲ್ಲ ಎಂಬುದಕ್ಕೂ ಸಾಕ್ಷಿಯುಂಟು. ನಮ್ಮಲ್ಲಿ ಗಜಕರ್ಣ ಅಥವಾ ಹುಳುಕಡ್ಡಿ ಎನ್ನುವ ಶಿಲೀಂಧ್ರ ರೋಗವು ಕಳೆದ ದಶಕದಲ್ಲಿ ಮದ್ದಿಗೆ ಮಣಿಯದೆ ಹರಡಿದುದನ್ನು ಭಾರತದ ವೈದ್ಯರು ಇಲ್ಲಿಯ ಪತ್ರಿಕೆಗಳಲ್ಲಿ ಬರೆದರು. ಸ್ಟೀರಾಯ್ಡ್ ಬೆರೆತ ಮುಲಾಮುಗಳ ದುರ್ಬಳಕೆಯನ್ನು ಅದಕ್ಕೆ ಒಂದು ಕಾರಣವೆಂದು ಎಣಿಸಿದರು. ಇಂತಹ ಒಂದು ಶಿಲೀಂಧ್ರಕ್ಕೆ ೨೦೨೦ರಲ್ಲಿ ಜಪಾನಿನ ಸಂಶೋಧಕರು ಟ್ರೈಕೋಫೈಟನ್ ಇಂಡೊಟಿನಿಯೆ ಎಂದು ಹೆಸರಿಟ್ಟರು. ೨೦೨೩ರಲ್ಲಿ ನ್ಯೂಯಾರ್ಕಿನ ಇಬ್ಬರು ರೋಗಿಗಳಲ್ಲಿ ಅದು ಕಂಡುಬಂದಿತೆಂದು ಅಮೆರಿಕದಿಂದ ಮೊದಲ ವರದಿ ಬಂದಿತು. ಮನೆಯ ಹಿತ್ತಿಲಿನ ಸುದ್ದಿಯೆಂದು ಕಡೆಗಣಿಸಬಹುದಾಗಿದ್ದುದು ಲೋಕದ ಚಿಂತೆಯಾಯಿತು.

ಇನ್ನೊಂದು ಮಾತು. ಬಿಳಿಯ ಚರ್ಮದ ಮೇಲೆ ಕೆಂಪಾಗಿ ತೋರುವ ಉರಿಯೂತವು ನಮ್ಮ ಕಂದು ಚರ್ಮದ ಮೇಲೆ ಕಪ್ಪಾಗಿಯೋ ನೇರಳೆಯಾಗಿಯೋ ತೋರಬಹುದು. ನಮ್ಮವರ ಚರ್ಮದ ಮೇಲೆ ರೋಗವು ಹೇಗೆ ಕಾಣುತ್ತದೆಂಬುದನ್ನು ಚಿತ್ರಸಹಿತ ತೋರಿಸುವ ಪತ್ರಿಕೆ ನಮ್ಮ ವೈದ್ಯರಿಗೆ ಬೇಕೇ ಬೇಕು. ದೂರದ ದೇಶದವರು ಅದನ್ನು ಉಲ್ಲೇಖಿಸಲಿ, ಬಿಡಲಿ.

೫. ಕರ್ತವ್ಯವೇನು?

ಇಷ್ಟರಿಂದ ಪ್ರಭಾವಾಂಕವು ನಿರರ್ಥಕವೆಂದು ಭಾವಿಸಬಾರದು. ಒಂದೇ ಶಾಸ್ತ್ರದ ಪತ್ರಿಕೆಗಳಲ್ಲಿ ಯಾವುದನ್ನು ವಿದ್ವಾಂಸರು ಹೆಚ್ಚಾಗಿ ಬಳಸುತ್ತಾರೆಂದು ಗ್ರಂಥಪಾಲಕನಿಗೆ ತಿಳಿಸಲು ಅದು ಸಮರ್ಥವೇ. ಅನರ್ಥವು ಆರಂಭವಾಗುವುದು ಅದರಿಂದ ಮನುಷ್ಯರನ್ನು ಅಳೆದಾಗ. ನೇಮಕ, ಬಡ್ತಿ, ಧನಸಹಾಯಗಳಲ್ಲಿ ಲೇಖನವನ್ನು ಓದದೆ ಪತ್ರಿಕೆಯ ಅಂಕೆಯನ್ನೇ ಕೇಳುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದೆ. ಆಗ ತರುಣ ವೈದ್ಯನು ತನ್ನ ಜಿಲ್ಲೆಯ ರೋಗವನ್ನು ಬಿಟ್ಟು ಹೊರಗಿನವರಿಗೆ ರುಚಿಸುವ ವಿಷಯವನ್ನು ಹುಡುಕುತ್ತಾನೆ. ಒಳ್ಳೆಯ ಅಧ್ಯಯನವು ಹೊರದೇಶದ ಪತ್ರಿಕೆಯನ್ನು ಸೇರುತ್ತದೆ. ಅಂತಹ ಎಷ್ಟೋ ಪತ್ರಿಕೆಗಳ ಚಂದಾ ಕಟ್ಟುವ ಶಕ್ತಿಯಿಲ್ಲದ ನಮ್ಮ ಸಣ್ಣ ಊರಿನ ವೈದ್ಯನು ಅದನ್ನು ಓದಲಾರ. ನಷ್ಟವಾಗುವುದು ಕೊನೆಗೆ ರೋಗಿಗೆ.

ಇದನ್ನು ಮನಗಂಡ ವಿಜ್ಞಾನಿಗಳು ೨೦೧೨ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿ, ಪತ್ರಿಕೆಯ ಅಂಕೆಯಿಂದ ವ್ಯಕ್ತಿಯ ಯೋಗ್ಯತೆಯನ್ನು ನಿರ್ಣಯಿಸಬಾರದೆಂಬ ಘೋಷಣೆಯನ್ನು ರೂಪಿಸಿದರು. ಅದು ೨೦೧೩ರಲ್ಲಿ ಪ್ರಕಟವಾಯಿತು. ೨೦೧೫ರ ಲೈಡನ್ ಪ್ರಣಾಳಿಕೆಯು ಹತ್ತು ಸೂತ್ರಗಳನ್ನು ಮುಂದಿಟ್ಟಿತು. ಅಂಕೆಯು ಪರಿಣತರ ವಿವೇಚನೆಗೆ ನೆರವಾಗಬೇಕೇ ವಿನಾ ಅದರ ಸ್ಥಾನವನ್ನು ಆಕ್ರಮಿಸಬಾರದು, ಸ್ಥಳೀಯ ಮಹತ್ತ್ವದ ಸಂಶೋಧನೆಯನ್ನು ರಕ್ಷಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು.

ಹಾಗಾದರೆ ಚರ್ಮರೋಗ ಪತ್ರಿಕೆಯೊಂದನ್ನು ತೂಗುವವನು ಕೇಳಬೇಕಾದ ಪ್ರಶ್ನೆಗಳೇನು? ಉಲ್ಲೇಖಗಳೆಷ್ಟು ಎಂದು ಕೇಳಲಿ. ಜೊತೆಗೆ, ಅವು ಕೆಲವೇ ಲೇಖನಗಳಿಗೆ ಬಂದವೋ ಹಲವಕ್ಕೆ ಬಂದವೋ ಎಂದೂ ಕೇಳಲಿ. ಹತ್ತು ವರ್ಷಗಳ ಹಿಂದಿನ ಲೇಖನವನ್ನು ಇಂದಿಗೂ ಓದುವರೇ? ಚಿಕಿತ್ಸೆಯ ಮಾರ್ಗಸೂಚಿಗಳಲ್ಲಿ, ಪಠ್ಯಗ್ರಂಥಗಳಲ್ಲಿ, ಸರ್ಕಾರದ ನಿಯಮಗಳಲ್ಲಿ ಅದರ ಫಲ ಕಂಡಿತೇ? ತನ್ನ ನಾಡಿನ ರೋಗಗಳನ್ನು ಅದು ಬಿಡದೆ ಬರೆಯಿತೇ? ಹಳ್ಳಿಯ ವೈದ್ಯನಿಗೆ ಅದು ಕೈಗೆಟುಕುವುದೇ? ಇವುಗಳಲ್ಲಿ ಕೆಲವಕ್ಕೆ ಅಂಕೆಯಲ್ಲಿ ಉತ್ತರ ದೊರೆಯುತ್ತದೆ. ಕೆಲವಕ್ಕೆ ಓದಿಯೇ ಉತ್ತರ ಕಾಣಬೇಕು.

ವಿದ್ಯಾರ್ಥಿಗಳು ಮುಂದೆ ಯಾವ ಶಾಸ್ತ್ರವನ್ನೇ ಅಭ್ಯಾಸ ಮಾಡಲಿ, ಅವರ ಮುಂದೆ ಯಾರಾದರೂ ಒಂದು ಅಂಕೆಯನ್ನು ತಂದಿಡುವರು. ಅದನ್ನು ತಿರಸ್ಕರಿಸಬೇಕಾಗಿಲ್ಲ, ಅದಕ್ಕೆ ಮಣಿಯಬೇಕಾಗಿಯೂ ಇಲ್ಲ. ಯಾವುದನ್ನು ಎಣಿಸಿ ಇದನ್ನು ಪಡೆದರು, ಯಾವುದನ್ನು ಎಣಿಸದೆ ಬಿಟ್ಟರು ಎಂದು ವಿನಯದಿಂದ ವಿಚಾರಿಸಿದರೆ ಸಾಕು. ಆ ಬಳಿಕ ಲೇಖನವನ್ನು ತೆರೆದು ಮೊದಲಿನಿಂದ ಕಡೆಯವರೆಗೆ ಓದಬೇಕು.